ಬಾಗಿಲ ಮುಂದಿನ ಪಂಚೆ

ನನಗೆ ಸೋರಿಯಾಸಿಸ್. ಮೈಮೇಲೆ ಕೆಂಪು ಮಚ್ಚೆಗಳೆದ್ದು ಚರ್ಮ ಹೊಟ್ಟಿನಂತೆ ಉದುರುತ್ತದೆ. ಅಂಟುರೋಗವಲ್ಲ, ಆದರೆ ಬಿಟ್ಟುಹೋಗುವ ಜಾತಿಯದೂ ಅಲ್ಲ, ದರಿದ್ರದ್ದು. ಮಲೇಷ್ಯಾದ ಕ್ಲಾಂಗ್ ಬಂದರಿನ ಸರಕು ಸಾಗಣೆ ಕಚೇರಿಯಲ್ಲಿ ಕೆಲಸವಿದ್ದಷ್ಟು ದಿನ ಕಂಪನಿಯ ವಿಮೆಯಿಂದ ಇಂಜೆಕ್ಷನ್ ಸಿಗುತ್ತಿತ್ತು. ತುಂಬುತೋಳಿನ ಅಂಗಿ ತೊಟ್ಟು ಎಲ್ಲರಂತೆ ಓಡಾಡಿಕೊಂಡಿದ್ದೆ. ಕೊರೋನಾದ ಎರಡನೇ ವರ್ಷ ಮ್ಯಾನೇಜರ್ ವೀಡಿಯೋ ಕಾಲ್‌ನಲ್ಲಿ "ಸಾರಿ ಲಾ, ನೋ ಬಿಸಿನೆಸ್" ಎಂದ. ಕೆಲಸದ ಜೊತೆ ವಿಮೆಯೂ ಇಂಜೆಕ್ಷನ್ನೂ ಹೋದವು. ಊರಿಗೆ ಹೋಗೋಣವೆಂದರೆ ವಿಮಾನವಿಲ್ಲ.

ಚರ್ಮ ಮತ್ತೆ ಶುರುವಿಟ್ಟುಕೊಂಡಿತು. ಯಾವ ಬಟ್ಟೆ ತಾಕಿದರೂ ಉರಿ. ಮೆತ್ತಗಾದ ಎರಡು ಹಳೇ ಬಿಳಿ ಪಂಚೆಗಳಷ್ಟೇ ಮೈಗೆ ಹಿತ. ಒಂದನ್ನು ನಾನು ಉಟ್ಟಿದ್ದರೆ, ಮೈಗೆ ಹಚ್ಚಿಕೊಂಡ ಎಣ್ಣೆ ಹಿಡಿದ ಇನ್ನೊಂದನ್ನು ಹೆಂಡತಿ ಒಗೆದು ನಮ್ಮ ಪೆಟಾಲಿಂಗ್ ಜಯಾದ ಫ್ಲ್ಯಾಟಿನ ಮುಂಬಾಗಿಲ ಗ್ರಿಲ್‌ಗೆ ಹರವುತ್ತಿದ್ದಳು.

ಆಗ ಊಟಕ್ಕಿಲ್ಲದವರು ಮನೆ ಮುಂದೆ ಬಿಳಿ ಬಟ್ಟೆ ಕಟ್ಟಿದರೆ ಅಕ್ಕಪಕ್ಕದವರು ನೆರವಾಗುವ ರೂಢಿ ಬಂದಿತ್ತು. ಫೋನಿನಲ್ಲಿ ಅಂಥ ಮನೆಗಳನ್ನು ನೋಡಿ ನಾವೂ ಪಾಪ ಎಂದಿದ್ದೆವು. ನಮ್ಮ ಪಂಚೆಯ ಬಣ್ಣವೂ ಬಿಳಿಯೇ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಎದುರುಮನೆಯ ತಮಿಳು ಅಕ್ಕ ಅಕ್ಕಿ, ಬೇಳೆ, ಮೊಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ತಗೊಳ್ಳಿ ತಂಬಿ, ನಾಚಿಕೋಬೇಡಿ" ಎಂದು ತಮಿಳಿನಲ್ಲಿ ಹೇಳಿ ಪಂಚೆಯ ಕಡೆ ನೋಡಿದರು.

ಅರ್ಥವಾದ ಕೂಡಲೇ ನನಗೆ ಪಿತ್ತ ನೆತ್ತಿಗೇರಿತು. "ಅಯ್ಯೋ, ಅದು ನಾನು ಉಡೋ ಪಂಚೆ! ಒಣಗಲಿ ಅಂತ ಹಾಕಿರೋದು. ನಮಗೇನೂ ಕಮ್ಮಿಯಾಗಿಲ್ಲ" ಎಂದು ನನಗೆ ಬರುವ ಹರಕು ತಮಿಳಿನಲ್ಲಿ ರೇಗಿ ಬಾಗಿಲು ಹಾಕಿದೆ.

"ಏನ್ರೀ ಕಮ್ಮಿಯಾಗಿಲ್ಲ?" ಎಂದಳು ಹೆಂಡತಿ. "ದಿನಾ ಗಂಜಿ ತಾನೇ ಕುಡೀತಿರೋದು? ಕೆರ್ಕೊಂಡು ಕೆರ್ಕೊಂಡು ಮೈಯೆಲ್ಲ ರಕ್ತ. ಯಾರ ಹತ್ರಾನೂ ಬಾಯಿ ಬಿಡ್ಬೇಡ ಅಂತೀರ. ನಂಗೂ ಸಾಕಾಗೋಯ್ತು."

"ಸುಮ್ನಿರೇ" ಎಂದೆ. ಜಗಳಕ್ಕೂ ಕಸುವಿರಲಿಲ್ಲ. ಸೋಫಾದ ಮೇಲೆ ಉದುರಿದ್ದ ನನ್ನದೇ ಚರ್ಮವನ್ನು ಕೈಯಲ್ಲಿ ಗುಡಿಸುತ್ತ ಕೂತೆ. ಕಚೇರಿಯವರಿಂದ ಮೈ ಮುಚ್ಚಿದ್ದಾಯಿತು, ಊರಿನವರಿಂದ ಕೆಲಸ ಹೋದದ್ದನ್ನು ಮುಚ್ಚಿದ್ದಾಯಿತು. ಮುಚ್ಚಿ ಮುಚ್ಚಿ ಸುಸ್ತಾಗಿತ್ತು.

ಮರುದಿನ ಅವಳು ಪಂಚೆ ಹಿಂಡಿ ತಂದು ನಡುಮನೆಯಲ್ಲೇ ನಿಂತಳು.

"ಇವತ್ತು ಬಚ್ಚಲಲ್ಲೇ ಒಣಗಿಸ್ತೀನಿ ಬಿಡಿ."

"ಬೇಡ ಕಣೇ" ಎಂದೆ. "ಹೊರಗೇ ಹಾಕು."