ಅಂಚೆಯಕ್ಕನ ಕ್ರಾಸು

ಊರಿನ ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿಗೆ ಎಡಬದಿಯ ವಿಂಗರ್ ಆಗಿ ಆಡುತ್ತಿದ್ದ ಆಕೆಯನ್ನು ಎಲ್ಲರೂ ಅಂಚೆಯಕ್ಕ ಎಂದೇ ಕರೆಯುತ್ತಿದ್ದರು. ಗೆರೆಗುಂಟ ಓಡಿ, ಓಡುತ್ತಲೇ ಅಡ್ಡಲಾಗಿ ಎತ್ತಿ ಹಾಕಿದ ಚೆಂಡು, ಅಂದರೆ ಅವಳ ಕ್ರಾಸು, ಗೋಲಿನ ಮುಂದೆ ಯಾರ ಹಣೆಗೆ ಮುಟ್ಟಬೇಕೋ ಅವರ ಹಣೆಗೇ ಮುಟ್ಟುತ್ತಿತ್ತು. ಆ ಹಣೆ ಹೆಚ್ಚಾಗಿ ಅವಳ ತಂಗಿಯದು. ಗೋಲು ತಂಗಿಯ ಲೆಕ್ಕಕ್ಕೆ, ಪತ್ರಿಕೆಯಲ್ಲಿ ಫೋಟೋನೂ ತಂಗಿಯದೇ. ಅಕ್ಕನಿಗೆ ಅದರ ಬಗ್ಗೆ ಎಳ್ಳಷ್ಟೂ ಬೇಸರವಿರಲಿಲ್ಲ.

ಈ ವಿದ್ಯೆ ಕಲಿತದ್ದು ಅಪ್ಪನ ಲಾಂಡ್ರಿಯ ಹಿತ್ತಲಲ್ಲಿ. ಹಗ್ಗದ ತುಂಬ ಆಸ್ಪತ್ರೆಯ ಬಿಳಿ ಹೊದಿಕೆಗಳು ಒಣಗುತ್ತಿದ್ದವು. ಅಕ್ಕ ಈಚೆ, ತಂಗಿ ಆಚೆ, ಒಬ್ಬರಿಗೊಬ್ಬರು ಕಾಣರು. "ಇಲ್ಲಿದೀನಿ ಕಣಕ್ಕಾ!" ಎಂಬ ಕೂಗು ಬಂದ ಕಡೆಗೆ ಚೆಂಡು ದಾಟಿಸಬೇಕು. ಹೊದಿಕೆಗೆ ಮಣ್ಣು ತಗುಲಿದರೆ ಮುಗಿಯಿತು. "ಇಬ್ರ ಕಾಲೂ ಮುರೀತೀನಿ, ನೋಡ್ತಿರಿ!" ಎನ್ನುತ್ತ ಅಮ್ಮ ಅದನ್ನು ಮತ್ತೆ ನೀರಿಗೆ ಹಾಕುತ್ತಿದ್ದಳು.

ಹೀಗಿರುವಾಗ ತಂಗಿಗೆ ದೊಡ್ಡ ಕ್ಲಬ್ಬಿನಿಂದ ಕರೆ ಬಂತು. ಬಸ್ಸಿನವರೆಗೂ ಚೀಲ ಹೊತ್ತು ಬಂದ ಅಕ್ಕ, "ಅಲ್ಲಿ ನಿಂಗೆ ಯಾರು ಕ್ರಾಸ್ ಹಾಕ್ತಾರೋ ಏನೋ" ಎಂದಷ್ಟೇ ಹೇಳಿ, ಬಸ್ಸು ಹೊರಡುವ ಮೊದಲೇ ಹಿಂದಿರುಗಿದಳು.

ಮರುವರ್ಷ ಅಕ್ಕತಂಗಿಯರು ಎದುರಾಳಿಗಳಾದರು. ಅಕ್ಕನ ತಂಡ ಒಂದು ಗೋಲಿನಿಂದ ಹಿಂದಿತ್ತು, ಆಟ ಇನ್ನೇನು ಮುಗಿಯಬೇಕು. ಆಗ ಅಕ್ಕನ ಕಾಲಿಗೆ ಚೆಂಡು ಸಿಕ್ಕಿತು. ತಡೆಯಲು ಬಂದವಳನ್ನು ಏಮಾರಿಸಿ ಮೂಲೆಯವರೆಗೂ ಓಡಿ, ಜೀವಮಾನದ ಕ್ರಾಸು ಹಾಕಿದಳು. ಗೋಲ್‌ಕೀಪರ್ ಕೈಗೆಟುಕದಷ್ಟು ದೂರ, ತನ್ನ ತಂಡದವಳ ಹಣೆಗೆ ಸರಿಯಾದ ಎತ್ತರ. ಆದರೆ ಅಷ್ಟರಲ್ಲಿ ಗೋಲು ಕಾಯಲು ಹಿಂದಕ್ಕೆ ಓಡಿಬಂದಿದ್ದ ತಂಗಿ, ಎಲ್ಲರಿಗಿಂತ ಒಂದು ಹೆಜ್ಜೆ ಮೊದಲೇ ಹಾರಿ, ಚೆಂಡನ್ನು ತಲೆಯಿಂದ ಹೊರಗಟ್ಟಿದಳು.

ಸೋತ ಅಕ್ಕ ಯಾರ ಕೈಯನ್ನೂ ಕುಲುಕದೆ ಮನೆಗೆ ಬಂದುಬಿಟ್ಟಳು. ಹಿಂದೆಯೇ ಬಂದ ತಂಗಿ ಅಡುಗೆಮನೆಯ ಬಾಗಿಲಿಗೊರಗಿ ನಿಂತಳು.

"ಒದೆಯೋ ಮುಂಚೆ ನಿನ್ನ ಎಡಭುಜ ಒಂಚೂರು ಬಗ್ಗುತ್ತೆ ಕಣಕ್ಕಾ. ಎಲ್ಲಿ ಬೀಳುತ್ತೆ ಅಂತ ಆಗ್ಲೇ ಗೊತ್ತಾಯ್ತು."

"ಗೊತ್ತಾದ್ರೆ ಸುಮ್ನಿರೋಕೆ ಆಗ್ಲಿಲ್ವಾ ನಿಂಗೆ?"

"ಸುಮ್ನಿದ್ದಿದ್ರೆ ನೀನು ನನ್ನ ಮುಖಾನೇ ನೋಡ್ತಿರ್ಲಿಲ್ಲ."

ಅಕ್ಕ ತುಟಿ ಬಿಗಿಹಿಡಿದಳು. "ಮೊದ್ಲು ಇಬ್ರೂ ಸ್ನಾನ ಮಾಡ್ರೇ, ಮನೆಯೆಲ್ಲ ಬೆವರು ನಾರ್ತಿದೆ" ಎಂದು ಅಮ್ಮ ಗದರಿದಾಗ ಮಾತ್ರ ನಗು ತಡೆಯಲಾಗಲಿಲ್ಲ. ನಕ್ಕಿದ್ದೇ ತಡ, ಕಣ್ಣಲ್ಲಿ ನೀರೂ ಬಂತು. ತನ್ನ ಕಾಲಿನ ಗುಟ್ಟನ್ನು ಇಷ್ಟು ಬಲ್ಲವರು ಇನ್ಯಾರಿದ್ದಾರೆ ಎನ್ನಿಸಿತು.

ಮುಂದೆ ಮಂಡಿ ಕೈಕೊಟ್ಟಿತು. ಆಟ ಬಿಟ್ಟು ಅಕ್ಕ ಲಾಂಡ್ರಿಯನ್ನೇ ವಹಿಸಿಕೊಂಡಳು. ತಂಗಿಯೂ ಕಾಲಕ್ರಮದಲ್ಲಿ ನಿವೃತ್ತಳಾದಳು. ಈಗ ಭಾನುವಾರದ ಮಧ್ಯಾಹ್ನ ಅಂಗಡಿಗೆ ಬಂದು ಕೂರುತ್ತಾಳೆ. ಅಕ್ಕ ಇಸ್ತ್ರಿ ಹಾಕುತ್ತಲೇ ಟೀವಿಯಲ್ಲಿ ಮ್ಯಾಚು ನೋಡುತ್ತಾಳೆ, ವಿಂಗರುಗಳನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ. "ತಲೆ ಎತ್ತಿ ನೋಡೋ ಮಾರಾಯ! ಗಾಳಿಗೆ ಹಾಕ್ತೀಯಾ ಚೆಂಡು?"

ಹೋದ ವಾರ ಯಾವನೋ ಹುಡುಗ ಎಡಗಡೆಯಿಂದ ಬಲು ಸೊಗಸಾದ ಕ್ರಾಸು ಹಾಕಿದ. ಅಕ್ಕನ ಬೈಗುಳ ನಿಂತಿತು. ಪಕ್ಕಕ್ಕೆ ನೋಡಿದರೆ, ಕುರ್ಚಿಯಲ್ಲಿ ಕೂತಿದ್ದ ತಂಗಿಯ ಕತ್ತು ತಾನಾಗಿಯೇ ನೀಳವಾಗಿ, ಹಣೆ ಮುಂದಕ್ಕೆ ಚಾಚಿತ್ತು.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಇಬ್ಬರಿಗೂ ಚಹಾ ತರಲು ಒಳಗೆ ಹೋದಳು.