ಕರಡು ರಾಯರ ಮೂರು ಸಾಲಿನ ತಿದ್ದುಪಡಿ

ಕರಡು ರಾಯರಿಗೆ ಕುತ್ತಿಗೆ ತಿರುಗುತ್ತಿರಲಿಲ್ಲ. ಮೂವತ್ತು ವರ್ಷ ಸರ್ಕಾರಿ ಮೇಜಿನ ಮೇಲೆ ಬಗ್ಗಿ ಮಸೂದೆಗಳ ಕರಡು ಬರೆದದ್ದರ ಫಲ. ಹಿಂದಿನಿಂದ ಯಾರಾದರೂ ಕರೆದರೆ ಭುಜ, ಎದೆ, ಸೊಂಟ ಎಲ್ಲವನ್ನೂ ಒಟ್ಟಿಗೆ ತಿರುಗಿಸಿ ನಿಲ್ಲುತ್ತಿದ್ದರು. ದೇಶದ ರಾಜಧಾನಿಯ ದ್ವಾರಕಾ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಯ ಮಕ್ಕಳಿಗೆ ಅವರು ರೋಬೋಟ್ ಅಂಕಲ್. ಅಲ್ಲಿದ್ದ ನಾಲ್ಕೈದು ಕನ್ನಡ ಮನೆಯವರು ಮಾತ್ರ ಕರಡು ರಾಯರು ಎನ್ನುತ್ತಿದ್ದೆವು. ಅವರ ಮೇಲಿನ ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿವೃತ್ತರಾದ ಮೇಲೆ ಅವರ ಜಗಳವೆಲ್ಲ ಟೀವಿಯ ಜೊತೆ. ಬಸ್ಸಿಗೆ ಯಾವ ಇಂಧನ ಹಾಕಬೇಕು, ಯಾವ ಅಂಗಡಿಗೆ ಬೀಗ ಜಡಿಯಬೇಕು ಎಂದು ನ್ಯಾಯಾಲಯ ಆದೇಶ ಕೊಟ್ಟ ಸುದ್ದಿ ಬಂದರೆ ಕುರ್ಚಿಯಿಂದ ಎದ್ದೇ ಬಿಡುತ್ತಿದ್ದರು. "ಕಾನೂನು ಮಾಡೋಕೆ ಜನ ಆರಿಸಿ ಕಳಿಸಿದವರಿದ್ದಾರೆ. ಇವರನ್ನ ಯಾರಮ್ಮಾ ಆರಿಸಿದ್ರು? ಆದೇಶ ಒಳ್ಳೇದೇ ಇರಬಹುದು, ಕೊಟ್ಟ ಕೈ ತಪ್ಪು!" ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿದರೆ ಸರ್ಕಾರಕ್ಕೂ ಅಷ್ಟೇ ಪ್ರಮಾಣದಲ್ಲಿ ಬೈಗುಳ. ಬರೆದವರು ಬರೆದಷ್ಟೇ ಕಾನೂನು, ಅದಕ್ಕೆ ಇನ್ನೊಬ್ಬರು ಬಾಲ ಸೇರಿಸಬಾರದು ಎಂಬುದು ಅವರ ಹಟ.

ಸೊಸೈಟಿಯ ನಿಯಮಾವಳಿಯನ್ನೂ ಅವರೇ ಬರೆದಿದ್ದರು. ನಿಯಮ ಮಾಡುವುದು ಸದಸ್ಯರ ಸಾಮಾನ್ಯ ಸಭೆ, ನಡೆಸುವುದು ಸಮಿತಿ, ತಕರಾರು ಬಂದರೆ ತೀರ್ಪು ಕೊಡುವುದು ಮೂವರು ಹಿರಿಯರು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಆ ಮೂವರಲ್ಲಿ ರಾಯರು ಮುಖ್ಯರು. ಅವರ ಹೆಂಡತಿ ನಗುತ್ತಿದ್ದರು: "ನಮ್ಮನೇಲಿ ಏನಡುಗೆ ಅಂತ ಹೇಳೋರೂ ಇವರೇ, ಉಪ್ಪು ಕಮ್ಮಿ ಅಂತ ತೀರ್ಪು ಕೊಡೋರೂ ಇವರೇ. ಮಾಡೋದೊಂದು ನನಗೆ ಬಿಟ್ಟಿದ್ದಾರೆ." ರಾಯರಿಗೆ ಈ ಮಾತು ಕೇಳಿಸುತ್ತಲೇ ಇರಲಿಲ್ಲ.

ಬೇರೆ ಯಾರೂ ಒಪ್ಪದ್ದರಿಂದ ಸಮಿತಿಯ ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಿದ್ದಿತ್ತು. ಆಗ ದ್ವಾರಕಾದಲ್ಲಿ ಕರೆಂಟು ಹೋಗುವುದು ದಿನದ ಪಾಡು. ಲಿಫ್ಟಿಗಾಗಿ ಜನರೇಟರನ್ನು ಬೆಳಗ್ಗೆ, ಸಂಜೆ ಮಾತ್ರ ಓಡಿಸಬೇಕು, ಮಧ್ಯಾಹ್ನ ಯಾವ ಕಾರಣಕ್ಕೂ ಓಡಿಸಕೂಡದು ಎಂದು ಸಾಮಾನ್ಯ ಸಭೆ ನಿಯಮ ಮಾಡಿತ್ತು. ಮೊಣಕಾಲಿನ ಆಪರೇಷನ್ ಮುಗಿಸಿ ಅಮ್ಮನನ್ನು ಕರೆತಂದದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಕರೆಂಟಿರಲಿಲ್ಲ. ನಮ್ಮದು ನಾಲ್ಕನೇ ಮಹಡಿ. "ಮೇಡಂ ಜೀ, ಚಲಾ ದೂಂ?" ಎಂದು ಕಾವಲುಗಾರ ಕೇಳಿದ. ಓಡಿಸಯ್ಯಾ ಎಂದೆ. ಹತ್ತು ನಿಮಿಷ ಓಡಿತು.

ಎರಡನೇ ಮಹಡಿಯವರೊಬ್ಬರು ದೂರು ಕೊಟ್ಟರು. ರಾಯರು ನಮ್ಮ ಮನೆಗೇ ಬಂದು, ಅಮ್ಮ ಮಲಗಿದ್ದ ಕೋಣೆಯ ಹೊರಗೆ ಕುಳಿತು, ಕಾರ್ಯದರ್ಶಿ ಅಧಿಕಾರ ಮೀರಿದ್ದಾರೆ ಎಂದು ರಿಜಿಸ್ಟರಿನಲ್ಲಿ ಬರೆದರು.

"ಸಾರ್, ರೋಗಿಗಳನ್ನು ಬಿಟ್ಟು ಅಂತ ಅರ್ಥ ಮಾಡ್ಕೊಳ್ಳಿ. ತೀರ್ಪು ಕೊಡೋರು ನೀವೇ ಅಲ್ವಾ?" ಎಂದೆ.

"ಇಲ್ಲದ ಸಾಲನ್ನ ಓದೋಕೆ ನಾನ್ಯಾರು? ನೀನು ಮಾಡಿದ್ದು ದಯೆ, ಅದು ನಂಗೂ ಗೊತ್ತಮ್ಮ. ಆದ್ರೆ ಇವತ್ತು ನಿನಗೆ ಬಿಟ್ಟ ಅಧಿಕಾರ ನಾಳೆ ದಯೆ ಇಲ್ಲದವರ ಕೈಗೂ ಹೋಗುತ್ತೆ. ಸಭೆ ಕರಿ. ತಿದ್ದುಪಡಿ ನಾನೇ ಬರ್ಕೊಡ್ತೀನಿ."

ಸಂಜೆಯೊಳಗೆ ಬರೆದೂ ಕೊಟ್ಟರು. ರೋಗಿಗಳಿಗಾಗಿ ಯಾವ ಹೊತ್ತಿನಲ್ಲೂ ಜನರೇಟರ್ ಓಡಿಸಬಹುದು ಎಂಬ ಮೂರೇ ಸಾಲು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಜೂನ್ ತಿಂಗಳ ಸಭೆಗೆ ಕೋರಂ ಆಗಲಿಲ್ಲ, ಅರ್ಧ ಜನ ಮಕ್ಕಳ ರಜೆಗೆಂದು ಊರಿಗೆ ಹೋಗಿದ್ದರು. ಸೆಪ್ಟೆಂಬರಿನ ಸಭೆಯನ್ನು ಪಾರ್ಕಿಂಗ್ ಜಗಳ ನುಂಗಿಹಾಕಿತು. ಅಷ್ಟರಲ್ಲಿ ಅಮ್ಮನ ಫಿಸಿಯೋಥೆರಪಿಗೆ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತೇ ಸಿಕ್ಕಿತ್ತು. ಕರೆಂಟು ಹೋದ ದಿನ ಕಾವಲುಗಾರನೂ ಡ್ರೈವರೂ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸುತ್ತಿದ್ದರು. ಪ್ರತಿ ಮಹಡಿಯಲ್ಲೂ ಯಾರಾದರೊಬ್ಬರು ಬಾಗಿಲು ತೆರೆದು ನೋಡುವರು. ನಾಲ್ಕನೇ ಸಲಕ್ಕೆ ಅಮ್ಮ, "ನನ್ನ ಮೂಟೆ ಥರ ಹೊರಿಸ್ಬೇಡ ಕಣೆ, ಸಾಕು" ಎಂದಳು. ಆಮೇಲೆ ಹೋಗಲೇ ಇಲ್ಲ. ಕಾಲು ಬಿಗಿದುಕೊಂಡಿತು. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಹಾಸಿಗೆಗೆ, ಅವಳ ನಡಿಗೆ ಅಷ್ಟಕ್ಕೇ ನಿಂತಿತು.

ರಾಯರು ದಿನಾ ಐದನೇ ಮಹಡಿಯಿಂದ ಇಳಿದು ಬಂದು ಅವಳಿಗೆ ಕನ್ನಡ ವಾರಪತ್ರಿಕೆ ಓದಿ ಹೇಳುತ್ತಿದ್ದರು. ಅವಳು ನಗುನಗುತ್ತಾ ಕೇಳುತ್ತಿದ್ದಳು. "ಅವರದೇನೇ ತಪ್ಪು? ಪಾಪ" ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರಿಗೆ ಕಾಫಿ ಕೊಡುತ್ತಿದ್ದೆ, ಮಾತಾಡಿಸುತ್ತಿರಲಿಲ್ಲ.

ಜನವರಿಯ ಒಂದು ಮಧ್ಯಾಹ್ನ, ಕರೆಂಟಿಲ್ಲದಾಗ, ಅವರ ಹೆಂಡತಿ ಫೋನ್ ಮಾಡಿದರು. ಓಡಿದೆ. ರಾಯರು ಕೋಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. "ಗ್ಯಾಸ್ ಇರಬೇಕು, ಎದೆ ಸ್ವಲ್ಪ ಹಿಡಿದಿದೆ. ಡಾಕ್ಟರ ಹತ್ರ ಹೋಗ್ಬರ್ತೀನಿ." ಕತ್ತಿನ ತುಂಬ ಬೆವರು. ಹೊರಗೆ ಮಂಜು, ನನಗೆ ಎರಡು ಸ್ವೆಟರಿನಲ್ಲೂ ನಡುಕ. ಗ್ಯಾಸಲ್ಲ ಎಂದು ನನಗೆ ಗೊತ್ತಾಯಿತು. ಜನರೇಟರ್ ಓಡಿಸು ಎನ್ನಲು, ಕಾವಲುಗಾರನ ನಂಬರು ಒತ್ತೋಣವೆಂದು ಮೊಬೈಲು ತೆಗೆದೆ.

ರಾಯರು ಇಡೀ ಮೈ ತಿರುಗಿಸಿ ನನ್ನನ್ನು ನೋಡಿದರು. "ಬೇಡಮ್ಮ. ಇನ್ನೂ ಪಾಸಾಗಿಲ್ಲ."

ಅವರ ಹೆಂಡತಿ ನನ್ನ ಮುಖ ನೋಡಿದರು. "ಸರಿ ಸಾರ್" ಎಂದು ಮೊಬೈಲನ್ನು ಚೀಲಕ್ಕೆ ಹಾಕಿಕೊಂಡೆ.

ಕಂಬಿ ಹಿಡಿದು ಇಳಿದರು. ಎರಡನೇ ಮಹಡಿಯ ತಿರುವಿನಲ್ಲಿ ಕುಳಿತರು. ಆಸ್ಪತ್ರೆ ಮುಟ್ಟುವಾಗ ಜೀವ ಇರಲಿಲ್ಲ.

ಹದಿಮೂರನೇ ದಿನದ ಕರ್ಮ ಮುಗಿದ ಮೇಲಿನ ಭಾನುವಾರ ಸಾಮಾನ್ಯ ಸಭೆ ನಡೆಯಿತು. ಎಲ್ಲರೂ ಬಂದಿದ್ದರು, ದೂರು ಕೊಟ್ಟವರೂ ಸೇರಿ. ಮೂರು ಸಾಲನ್ನು ಓದಿದೆ, ಐದೇ ನಿಮಿಷದಲ್ಲಿ ಸರ್ವಾನುಮತದಿಂದ ಪಾಸಾಯಿತು. ಹಿಂದಿನ ಸಾಲಿನಲ್ಲಿ ರಾಯರ ಹೆಂಡತಿಯೂ ಕೈ ಎತ್ತಿದ್ದರು.

ಸಭೆ ಮುಗಿದು ಜನ ಚದುರಿದ ಮೇಲೆ ಅವರು ನನ್ನ ಬಳಿ ಬಂದರು. "ನಮ್ಮನೆಯವರು ಬೇಡ ಅಂದ್ರು, ಸರಿ. ಅವರು ಹಾಗೇನೇ. ನಿನ್ನಮ್ಮನಿಗೆ ಯಾರನ್ನೂ ಕೇಳದೆ ಓಡಿಸಿದ್ದೆಯಲ್ಲ. ಅವರಿಗೆ ಎದೆ ಹಿಡಿದ ದಿನ ನಿನಗೇನಾಗಿತ್ತು?"

"ನಿಯಮ ಇತ್ತಲ್ಲ ಆಂಟಿ" ಎಂದೆ.

ಅವರು ಶಾಲನ್ನು ಸರಿಯಾಗಿ ಹೊದ್ದುಕೊಂಡರು. ಆಮೇಲೆ "ಹೌದು, ಇತ್ತು" ಎಂದು ಹೇಳಿ ಹೋದರು.