ಬ್ಯಾಟರಿ ಬಿಚ್ಚಿದ ವ್ಯಾನಿನಲ್ಲಿ ಕೂಗಿದ ಬಜರ್

ತಂತಿಯಲ್ಲಿ ಕರೆಂಟ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಡುವೆ ಇನ್ನೇನೋ ಇರಬಹುದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ನಾಗಪುರದ ಹಿಂಗಣಾ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವವನು ನಾನು. ಮನೆಯಲ್ಲಿ ಶಕುನದ ಮಾತು ಬಂದರೆ ಎದ್ದು ಹೋಗುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ.

ಕರೆಂಟ್ ನೋಡಲು ನಮ್ಮ ಹತ್ತಿರ ಟೆಸ್ಟ್ ಲ್ಯಾಂಪ್ ಇರುತ್ತದೆ. ಅದರ ಕ್ಲಿಪ್ಪನ್ನು ಗಾಡಿಯ ಲೋಹದ ಮೈಗೆ ಸಿಕ್ಕಿಸಿ, ಮೊನೆಯನ್ನು ತಂತಿಗೆ ಮುಟ್ಟಿಸಿದರೆ ಹಿಡಿಯೊಳಗಿನ ಬಲ್ಬು ಹತ್ತುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದಾಗ ಆ ಬಲ್ಬು ಕಾಣುವುದಿಲ್ಲ. ಕತ್ತು ಹೊರಳಿಸಿ ಹೊರಳಿಸಿ ನೋವು ಶುರುವಾಗಿತ್ತು. ಕೊನೆಗೆ ಬಲ್ಬು ಕಿತ್ತು, ಹಳೇ ಬೈಕಿನ ಇಂಡಿಕೇಟರ್ ಬಜರ್ ಕೂರಿಸಿದೆ. ಮೊನೆಗೆ ಉದ್ದದ ಸರಳು ಹಾಕಿದೆ. ನೋಡುವ ಕಷ್ಟ ತಪ್ಪಿತು, ಕೇಳಿದರೆ ಸಾಕು. ಅದರೊಳಗೆ ಸೆಲ್ ಇಲ್ಲ. ಗಾಡಿಯ ಕರೆಂಟ್ ಸಿಕ್ಕರೆ ಮಾತ್ರ ಕೂಗುತ್ತದೆ.

ಕೆಲವು ವರ್ಷಗಳ ಹಿಂದೆ, ಏಪ್ರಿಲ್‌ನ ಒಂದು ಸುಡುವ ಮಧ್ಯಾಹ್ನ ಶೋಭಕ್ಕ ಬಂದರು. ವಿಜಯಪುರ ಕಡೆಯವರು, ಪ್ರತಾಪ ನಗರದ ಮಕ್ಕಳನ್ನು ತಮ್ಮ ವ್ಯಾನಿನಲ್ಲಿ ಶಾಲೆಗೆ ಕರೆದೊಯ್ಯುತ್ತಿದ್ದರು. ಹಾರ್ನ್ ಕೆಟ್ಟಿತ್ತು, ಸರಿ ಮಾಡಿದೆ. ಬ್ಯಾಟರಿಯೂ ಸೋತಿತ್ತು, ಬಿಚ್ಚಿ ಅಂಗಡಿಯೊಳಗೆ ಚಾರ್ಜಿಗೆ ಹಾಕಿದೆ. ಸಾಮಾನು ಎತ್ತಿಡಲು ವ್ಯಾನಿನ ಹತ್ತಿರ ಬಂದಾಗ, ಹಿಂದಿನ ಸೀಟಿನ ಮೇಲೆ ಬಿದ್ದಿದ್ದ ನನ್ನ ಬಜರ್ ಕೂಗುತ್ತಿತ್ತು.

ಅದರ ಕ್ಲಿಪ್ ಗಾಳಿಯಲ್ಲಿ ನೇತಾಡುತ್ತಿತ್ತು. ಮೊನೆ ಯಾವುದಕ್ಕೂ ತಾಗಿರಲಿಲ್ಲ. ಎತ್ತಿ ಹೊರಗೆ ತಂದೆ, ನಿಂತಿತು. ಮುಂದಿನ ಸೀಟಿನಲ್ಲಿಟ್ಟೆ, ಸುಮ್ಮನಿತ್ತು. ಹಿಂದಿನ ಸೀಟಿಗೆ ಒಯ್ದೆ, ಮತ್ತೆ ಶುರು.

ಶೋಭಕ್ಕನಿಗೆ ಅವಸರ. "ಅಣ್ಣಾರ, ಸಾಲಿ ಬಿಡೋ ಹೊತ್ತಾತು. ಜಲ್ದಿ ಬ್ಯಾಟರಿ ಹಾಕಿ ಕೊಡ್ರಿ" ಎಂದರು.

"ಗಾಡಿ ಕೊಡೂದಿಲ್ರಿ" ಎಂದೆ. ಯಾಕೆಂದು ಕೇಳಿದರು. ನಾನು ಸ್ಪ್ಯಾನರ್ ಹಿಡಿದು ಹಿಂದಿನ ಸೀಟಿನ ಕಡೆ ಹೋದೆ. ಅವರು ಸಿಟ್ಟಿನಿಂದ ಅತ್ತಿಂದಿತ್ತ ಓಡಾಡಿ, ಕೊನೆಗೆ ಬೇರೆ ವ್ಯಾನಿನವರಿಗೆ ಫೋನ್ ಮಾಡಿ ಮಕ್ಕಳನ್ನು ಕರೆತರಲು ಹೇಳಿದರು.

ನಾನು ಸೀಟು ಬಿಚ್ಚಿದೆ. ಹಿಂದಿನ ದೀಪಕ್ಕೆ ಹೋಗುವ ತಂತಿ ಸೀಟಿನ ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಬತ್ತಲಾಗಿತ್ತು. ಅದು ಒರಗಿದ್ದು ಪೆಟ್ರೋಲ್ ಪೈಪಿನ ಮೇಲೆ. ಪೈಪಿನ ಮೇಲೆ ಆಗಲೇ ಸುಟ್ಟ ಕಲೆ ಇತ್ತು. ಶೋಭಕ್ಕ ಬಗ್ಗಿ ನೋಡಿದವರು ಅಲ್ಲೇ ನೆಲದ ಮೇಲೆ ಕುಳಿತರು. "ನಿಮಗ ಹೆಂಗ ಗೊತ್ತಾತ್ರಿ?" ಎಂದರು.

ಪೈಪು ಬದಲಿಸಿ, ಹೊಸ ತಂತಿ ಎಳೆದ ಮೇಲೆ ಬಜರ್ ಅಲ್ಲಿ ಕೂಗಲಿಲ್ಲ. ಇಂಜಿನಿಯರ್ ಗೆಳೆಯನೊಬ್ಬ ಎಲ್ಲೋ ಕರೆಂಟ್ ಉಳಿದಿರಬೇಕು ಎಂದ. ಕ್ಲಿಪ್ ಗಾಳಿಯಲ್ಲಿತ್ತಲ್ಲ ಎಂದೆ. ಅವನು ಮಾತು ಬದಲಿಸಿದ.

ಈಗಲೂ ಆ ಬಜರ್ ಹಿಡಿದೇ ಕೆಲಸ ಮಾಡುತ್ತೇನೆ. ಯಾವ ಗಾಡಿ ಹೊರಡುವ ಮುಂಚೆಯೂ ಬ್ಯಾಟರಿ ಕಳಚಿ, ಬಜರನ್ನು ಸೀಟು ಸೀಟಿಗೆ ಒಯ್ದು ಕಿವಿಗೊಡುತ್ತೇನೆ. ಗಿರಾಕಿಗಳು ಬೇಸರದಿಂದ ಗಡಿಯಾರ ನೋಡುತ್ತಾರೆ. ಅದು ಮತ್ತೆಂದೂ ಹಾಗೆ ಕೂಗಿಲ್ಲ. ಆದರೂ ಕೀಲಿ ಕೊಡುವಾಗ ನನ್ನ ಕೈ ಹಿಂದೇಟು ಹಾಕುತ್ತದೆ.